ಶರಣು ಬಂದವರನ್ನು ಬಿಟ್ಟುಕೊಡದ ದೊರೆ



ಹಿಜ್‌ರತ್ ಎಂದೊಡನೆ ನಿಮಗೆ ಮದೀನಾ ನೆನಪಾಗುತ್ತದೆ. ಆದರೆ ಅದಕ್ಕೂ ಏಳು ವರ್ಷ ಮೊದಲು, ಕ್ರಿ.ಶ. 615ರಲ್ಲಿ, ಮಕ್ಕಾದ ಸತ್ಯವಿಶ್ವಾಸಿಗಳ ಒಂದು ಸಣ್ಣ ತಂಡ ಕೆಂಪು ಸಮುದ್ರ ದಾಟಿ ಅಬಿಸೀನಿಯಾಕ್ಕೆ ಹೋಗಿತ್ತು. ಯಾರಿಗೂ ಅನ್ಯಾಯವಾಗದ ದೊರೆಯೊಬ್ಬರು ಅಲ್ಲಿದ್ದಾರೆಂದು ಅವರನ್ನು ಕಳುಹಿಸಿದವರು ಪ್ರವಾದಿ(ಸ)ಯವರೇ. ಮುಂದೆ ಅಲ್ಲಿ ಆಶ್ರಯ ಪಡೆದವರ ಸಂಖ್ಯೆ ನೂರರ ಆಸುಪಾಸಿಗೆ ಏರಿತು. ಅವರಲ್ಲಿ ಮಹಿಳೆಯರೂ ಇದ್ದರು. ಮಕ್ಕಳೂ ಅಲ್ಲಿ ಹುಟ್ಟಿದರು.

ಆ ದೊರೆಯ ಹೆಸರು ಅಸ್‌ಹಮ. ನಜ್ಜಾಶಿ ಎಂಬುದು ಅಲ್ಲಿನ ರಾಜರ ಬಿರುದು. ಅವರು ಕ್ರೈಸ್ತ ಧರ್ಮದವರಾಗಿದ್ದರು. ಅವರ ಎಳವೆಯ ಕುರಿತು ಇಬ್ನು ಹಿಶಾಮರ ಸೀರತ್ ಗ್ರಂಥದಲ್ಲಿ ಒಂದು ವೃತ್ತಾಂತವಿದೆ. ಜನರು ಅವರ ತಂದೆಯನ್ನು ಕೊಂದು ತಂದೆಯ ಸೋದರನಿಗೆ ಪಟ್ಟ ಕಟ್ಟಿದರು. ಹುಡುಗ ಮುಂದೆ ಸೇಡು ತೀರಿಸಿಕೊಂಡಾನೆಂದು ಹೆದರಿ 600 ದಿರ್ಹಮ್‌ಗೆ ವ್ಯಾಪಾರಿಯೊಬ್ಬನಿಗೆ ಮಾರಿದರು. ಅದೇ ಸಂಜೆ ಹೊಸ ದೊರೆ ಸಿಡಿಲು ಬಡಿದು ಸತ್ತನು. ಮಾರಿದವರೇ ಅವರನ್ನು ಹುಡುಕಿ ತಂದು ಸಿಂಹಾಸನದಲ್ಲಿ ಕೂರಿಸಿದರು. ಸ್ವಂತ ನಾಡಿನಿಂದ ಹೊರದಬ್ಬಲ್ಪಟ್ಟವರ ಸಂಕಟ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ವಲಸೆ ಹೋದವರನ್ನು ಮರಳಿ ತರಲು ಕುರೈಶರು ಇಬ್ಬರು ದೂತರನ್ನು ಕಳುಹಿಸಿದರು. ಅವರಲ್ಲೊಬ್ಬರು, ಮುಂದೆ ಇಸ್ಲಾಮ್ ಸ್ವೀಕರಿಸಿದ ಅಮ್ರ್ ಬಿನ್ ಆಸ್. ಮಕ್ಕಾದ ಉತ್ತಮ ಚರ್ಮದ ಉಡುಗೊರೆಗಳನ್ನು ಅವರು ಮೊದಲು ಆಸ್ಥಾನದ ಪ್ರಮುಖರಿಗೆ ಹಂಚಿದರು. ವಲಸಿಗರ ಮಾತು ಕೇಳದೆಯೇ ಅವರನ್ನು ಒಪ್ಪಿಸುವಂತೆ ಆ ಪ್ರಮುಖರು ಆಸ್ಥಾನದಲ್ಲಿ ಸಲಹೆಯಿತ್ತರು. ನಜ್ಜಾಶಿ ಸಿಟ್ಟಾದರು. ತನ್ನನ್ನು ನಂಬಿ ಬಂದವರನ್ನು ವಿಚಾರಿಸದೆ ಬಿಟ್ಟುಕೊಡಲು ಅವರು ಒಪ್ಪಲಿಲ್ಲ.

ವಲಸಿಗರ ಪರವಾಗಿ ಹ. ಜಅ್‌ಫರ್(ರ) ಎದ್ದು ನಿಂತರು. ತಾವು ಬಿಟ್ಟ ಅಜ್ಞಾನವನ್ನು, ಸ್ವೀಕರಿಸಿದ ಸತ್ಯವನ್ನು, ಅನುಭವಿಸಿದ ಹಿಂಸೆಯನ್ನು ವಿವರಿಸಿ ಸೂರಃ ಮರ್ಯಮ್ ಓದಿದರು. ದೊರೆಯ ಗಡ್ಡ ಕಣ್ಣೀರಿನಿಂದ ಒದ್ದೆಯಾಯಿತು. ಧರ್ಮಗುರುಗಳೂ ಅತ್ತರು. ಮರುದಿನ ದೂತರು ಈಸಾ(ಅ)ರ ವಿಷಯವೆತ್ತಿ ಮನಸ್ಸು ಕೆಡಿಸಲು ನೋಡಿದರು. ಜಅ್‌ಫರ್(ರ) ಮುಖಸ್ತುತಿ ಮಾಡದೆ ಅವರು ಅಲ್ಲಾಹನ ದಾಸರೂ ಸಂದೇಶವಾಹಕರೂ ಎಂದರು. ಆಸ್ಥಾನದಲ್ಲಿ ಗೊಣಗಾಟವೆದ್ದರೂ ದೊರೆ ಕದಲಲಿಲ್ಲ. ಉಡುಗೊರೆಗಳನ್ನು ಹಿಂದಿರುಗಿಸಿದರು. ದೇವನು ತನಗೆ ರಾಜ್ಯವನ್ನು ಮರಳಿಸಿದಾಗ ಲಂಚ ಪಡೆಯಲಿಲ್ಲ, ತಾನೇಕೆ ಪಡೆಯಲಿ ಎಂಬುದು ಅವರ ನಿಲುವಾಗಿತ್ತು.

ಇದಕ್ಕೆ ಅವರು ಬೆಲೆ ತೆರಬೇಕಾಯಿತು. ಧರ್ಮ ಬಿಟ್ಟರೆಂದು ಪ್ರಜೆಗಳೇ ದಂಗೆಯೆದ್ದರು. ಯುದ್ಧಕ್ಕೆ ಹೊರಡುವ ಮುನ್ನ ಅವರು ವಲಸಿಗರಿಗಾಗಿ ಹಡಗುಗಳನ್ನು ಸಜ್ಜುಗೊಳಿಸಿದರು. ತಾನು ಸೋತರೆ ಅವರು ಸುರಕ್ಷಿತವಾಗಿ ಹೊರಡಲಿ ಎಂದು. ಆದರೆ ಗೆದ್ದದ್ದು ಅವರೇ. ಕ್ರಿ.ಶ. 628ರಲ್ಲಿ ಉಳಿದ ವಲಸಿಗರನ್ನು ಎರಡು ಹಡಗುಗಳಲ್ಲಿ ಪ್ರವಾದಿ(ಸ)ಯವರ ಬಳಿಗೆ ಗೌರವದಿಂದ ಬೀಳ್ಕೊಟ್ಟರು. ಹಿಜರಿ 9ರಲ್ಲಿ ಅವರು ತೀರಿಕೊಂಡಾಗ ಪ್ರವಾದಿ(ಸ)ಯವರು ಮದೀನಾದಲ್ಲಿ ಸಹಾಬಿಗಳನ್ನು ಸಾಲಾಗಿ ನಿಲ್ಲಿಸಿ ಅವರಿಗಾಗಿ ಜನಾಝಾ ನಮಾಝ್ ನಿರ್ವಹಿಸಿದರು.

ವಾಚಕರೇ, ಗಡೀಪಾರಿನ ಭಯದಲ್ಲಿ ದಿನ ಕಳೆಯುವ ಕುಟುಂಬಗಳು ಇಂದೂ ಇವೆ. ಅವರು ನಮ್ಮವರಾಗಿರಬಹುದು, ಅನ್ಯಧರ್ಮೀಯರಾಗಿರಬಹುದು. ನಮ್ಮ ಮೊದಲ ವಲಸಿಗರಿಗೆ ಬಾಗಿಲು ತೆರೆದ ದಿನ ನಜ್ಜಾಶಿ ನಮ್ಮವರಾಗಿರಲಿಲ್ಲ ಎಂಬುದನ್ನು ಮರೆಯದಿರಿ. ಅಂತಹ ಕುಟುಂಬದ ಬಗ್ಗೆ ಯಾರಾದರೂ ನಿಮ್ಮ ಕಿವಿ ತುಂಬಲು ಬಂದರೆ, ಮೊದಲು ಆ ಕುಟುಂಬದ ಮಾತು ಕೇಳಿ.