ಇಂಗ್ಲಿಷ್ ಪಾಠದ ಕನ್ನಡ ಆಚಾರ್ಯ: ಬಿ.ಎಂ. ಶ್ರೀಕಂಠಯ್ಯನವರು

ಇಂಗ್ಲಿಷ್ ತರಗತಿಯಲ್ಲಿ ಕುಳಿತ ಗ್ರಾಮಾಂತರದ ವಿದ್ಯಾರ್ಥಿಗೆ ಎರಡು ಕಷ್ಟಗಳು ಎದುರಾಗುತ್ತವೆ. ಅಪರಿಚಿತ ಪದಗಳ ರಾಶಿ ಒಂದು. ತನ್ನ ಅಭಿಪ್ರಾಯವನ್ನು ಸಕಾರಣವಾಗಿ ಮಂಡಿಸಲು ಉಂಟಾಗುವ ಅಳುಕು ಇನ್ನೊಂದು. ಇವೆರಡಕ್ಕೂ ಪರಿಹಾರವನ್ನು ಅರಸುವ ಅಧ್ಯಾಪಕರು ಸದಾ ಸ್ಮರಿಸಬೇಕಾದ ಹಿರಿಯ ಚೇತನ ಆಚಾರ್ಯ ಬಿ.ಎಂ. ಶ್ರೀಕಂಠಯ್ಯನವರು.

1884ರ ಜನವರಿ 3ರಂದು ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಜನಿಸಿದ ಶ್ರೀಯವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿಯೂ ಅನಂತರ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಇಂಗ್ಲಿಷ್ ಬೋಧಿಸಿದರು. ಮಾತಿನಿಂದ ಮನವೊಲಿಸುವ ಕಲೆಯು ಅವರಿಗೆ ಶಾಸ್ತ್ರವಾಗಿಯೂ ಪರಿಚಿತವಾಗಿದ್ದಿತು. ರೆಟರಿಕ್ ಕುರಿತು ಇಂಗ್ಲಿಷಿನಲ್ಲಿ ಕೈಪಿಡಿಯೊಂದನ್ನೇ ರಚಿಸಿದ್ದರು.

ಆ ಕಲೆಗೆ ನಿಜವಾದ ಪರೀಕ್ಷೆ ಒದಗಿದ್ದು 1911ರಲ್ಲಿ, ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ. ವಿದ್ಯಾವಂತರು ಕನ್ನಡವನ್ನು ಕಡೆಗಣಿಸುತ್ತಿದ್ದ ಕಾಲವದು. ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಅವರು ಅಲ್ಲಿ ಉಪನ್ಯಾಸ ಮಾಡಿದರು. ಬರವಣಿಗೆಯು ಜನರಿಗೆ ತಿಳಿಯುವಂತಿರಬೇಕು, ಇಂಗ್ಲಿಷ್ ಸಾಹಿತ್ಯದ ಸತ್ತ್ವವನ್ನು ಕನ್ನಡ ಅರಗಿಸಿಕೊಳ್ಳಬೇಕು ಎಂಬುದು ಅವರ ವಾದದ ತಿರುಳು. ವಾದಕ್ಕೆ ಆಧಾರವನ್ನು ತಮ್ಮ ಕೃತಿಗಳಿಂದಲೇ ಒದಗಿಸಿದರು. 1926ರ 'ಇಂಗ್ಲಿಷ್ ಗೀತಗಳು' ಹೊಸ ಕಾವ್ಯಕ್ಕೆ ದಾರಿ ತೆರೆಯಿತು. 1929ರ 'ಅಶ್ವತ್ಥಾಮನ್' ಗ್ರೀಕ್ ರುದ್ರನಾಟಕದ ಗಾಂಭೀರ್ಯವನ್ನು ಕನ್ನಡಕ್ಕೆ ತಂದಿತು. 1927ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾದುದರ ಹಿಂದೆಯೂ ಅವರ ಶ್ರಮವಿದ್ದಿತು.

ಅದೇ ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟಿನ ಕಾರ್ಯದಲ್ಲಿಯೂ ಶ್ರೀಯವರು ಪಾಲ್ಗೊಂಡರು. ಎರಡು ಭಾಷೆಗಳನ್ನು ಒಟ್ಟಿಗೆ ತೂಗಿ ನೋಡುವ ಈ ದೃಷ್ಟಿಯೇ ಇಂದಿನ ಅಧ್ಯಾಪಕರಿಗೆ ಮಾರ್ಗದರ್ಶಿ. ನಡೆ ಎಂಬ ಧಾತುವಿನಿಂದ ನಡಿಗೆ, ನಡತೆ, ನಡವಳಿಕೆ ಹುಟ್ಟಿರುವುದನ್ನು ಬಲ್ಲ ಬಾಲಕನಿಗೆ, ಹೊರುವುದೆಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಇಂಪೋರ್ಟ್, ಎಕ್ಸ್‌ಪೋರ್ಟ್, ಟ್ರಾನ್ಸ್‌ಪೋರ್ಟ್ ಎಂಬ ಪದಗಳು ಬಂದುವೆಂದು ತಿಳಿಸಿದರೆ, ಮೂರು ಪದಗಳ ಬಾಯಿಪಾಠ ತಪ್ಪಿ ಒಂದೇ ಬೇರಿನ ಪರಿಚಯವಾಗುತ್ತದೆ. ಪದದ ಅರ್ಥ ಖಚಿತವಾದವನ ವಾದವೂ ಖಚಿತವಾಗುತ್ತದೆ.

1946ರ ಜನವರಿ 5ರಂದು, ಧಾರವಾಡದಲ್ಲಿ ಕೆ.ಇ. ಬೋರ್ಡ್ ಕಲಾ ಕಾಲೇಜಿನ ಪ್ರಾಂಶುಪಾಲರಾಗಿದ್ದಾಗಲೇ ಶ್ರೀಯವರು ದಿವಂಗತರಾದರು. ಕನ್ನಡದ ಪರವಾಗಿ ವಾದ ಹೂಡಿದ ಊರಿನಲ್ಲಿಯೇ ಅವರ ಬಾಳು ಕೊನೆಗೊಂಡಿತು. ಇಂಗ್ಲಿಷನ್ನು ಆಳವಾಗಿ ಕಲಿತವನು ತಾಯ್ನುಡಿಗೆ ಎರವಾಗಬೇಕಿಲ್ಲವೆಂಬುದಕ್ಕೆ ಅವರ ಜೀವನವೇ ಸಾಕ್ಷಿ. ಮಾಗಡಿ ಸೀಮೆಯ ತಿಪ್ಪಸಂದ್ರದಂತಹ ಗ್ರಾಮಗಳಿಂದ ಬರುವ ಮಕ್ಕಳಿಗೆ ಮನೆಯ ಮಾತೇ ಮೊದಲ ಬಂಡವಾಳ. ಅದನ್ನು ಹೊರಗಿಡದೆ ಇಂಗ್ಲಿಷ್ ಪಾಠಕ್ಕೆ ತಳಹದಿಯಾಗಿ ಬಳಸಿಕೊಳ್ಳುವುದೇ ಆ ಮಹನೀಯರಿಗೆ ಅಧ್ಯಾಪಕವೃಂದ ಸಲ್ಲಿಸಬಹುದಾದ ಯೋಗ್ಯ ಗೌರವ.