ಸೈಕಲ್ ಅಂಗಡಿಯ ಹುಡುಗ ಕಟ್ಟಿದ ಕಂಪೆನಿ

ನಮ್ಮೂರಲ್ಲಿ ಐವತ್ತು ದಾಟಿದವರಿಗೆಲ್ಲ ನ್ಯಾಷನಲ್ ಪ್ಯಾನಾಸೋನಿಕ್ ಟೇಪ್ ರೆಕಾರ್ಡರ್ ಅಂದರೆ ಗೊತ್ತು. ಯಾರದಾದರೂ ಮನೆಯಲ್ಲಿ ಒಂದು ಇದ್ದರೆ ಅದನ್ನು ನೋಡೋದಕ್ಕೇ ಜನ ಹೋಗ್ತಿದ್ದ ಕಾಲ ಅದು. ಆ ಕಂಪೆನಿಯನ್ನು ಕಟ್ಟಿದವರು ಜಪಾನ್ ದೇಶದ ಕೊನೊಸುಕೆ ಮತ್ಸುಶಿತ. ಜಪಾನಿನ ಕರೆಂಟ್ ಸಾಮಾನಿನ ಕಂಪೆನಿಗೂ ನಮ್ಮ ಸಹಕಾರ ಸಂಘಕ್ಕೂ ಏನು ಸಂಬಂಧ ಅಂತ ಸದಸ್ಯ ಬಾಂಧವರು ಕೇಳಬಹುದು. ಅವರು ಶುರು ಮಾಡಿದ್ದೂ ನಾಲ್ಕೈದು ಜನ ಸೇರಿಕೊಂಡು, ಕೈಯಲ್ಲಿ ಕಾಸಿಲ್ಲದೆ. ಕಷ್ಟಕಾಲದಲ್ಲಿ ನಷ್ಟವನ್ನು ಯಾರ ತಲೆಗೆ ಹಾಕಬೇಕು ಎನ್ನುವ ಪ್ರಶ್ನೆ ಅವರಿಗೂ ಬಂದಿತ್ತು, ನಮಗೂ ಬರುತ್ತದೆ. ಅದಕ್ಕಾಗಿ ಈ ಸ್ಮರಣ ಸಂಚಿಕೆಯಲ್ಲಿ ಅವರ ಜೀವನವನ್ನು ನನಗೆ ತಿಳಿದ ಮಟ್ಟಿಗೆ ಬರೆದಿದ್ದೇನೆ.

ಮತ್ಸುಶಿತ ಹುಟ್ಟಿದ್ದು 1894ರ ನವೆಂಬರ್ 27ರಂದು, ವಾಕಯಾಮ ಪ್ರಾಂತ್ಯದ ವಾಸಾ ಎಂಬ ಹಳ್ಳಿಯಲ್ಲಿ. ಎಂಟು ಮಕ್ಕಳಲ್ಲಿ ಇವರೇ ಕೊನೆಯವರು. ಜಮೀನಿದ್ದ ಅನುಕೂಲಸ್ಥ ಮನೆತನ. ಆದರೆ ತಂದೆ ಅಕ್ಕಿಯ ಸಟ್ಟಾ ವ್ಯಾಪಾರಕ್ಕೆ ಕೈ ಹಾಕಿ ಇದ್ದದ್ದನ್ನೆಲ್ಲ ಕಳೆದುಕೊಂಡರು. ಜಮೀನು, ಮನೆ ಎಲ್ಲಾ ಹೋಯಿತು. ಪೇಟೆಗೆ ಬಂದು ಮರದ ಚಪ್ಪಲಿ ಅಂಗಡಿ ಇಟ್ಟರು, ಅದೂ ಕೈ ಹಿಡಿಯಲಿಲ್ಲ. ಹೀಗಾಗಿ 1904ರಲ್ಲಿ, ಒಂಬತ್ತನೇ ವಯಸ್ಸಿಗೆ ಹುಡುಗ ಶಾಲೆ ಬಿಟ್ಟು ಒಸಾಕ ಪಟ್ಟಣಕ್ಕೆ ಕೆಲಸಕ್ಕೆ ಹೋದ. ಮೊದಲು ಅಗ್ಗಿಷ್ಟಿಕೆ ಮಾರುವ ಅಂಗಡಿ, ಮಾರನೇ ವರ್ಷ ಸೈಕಲ್ ಅಂಗಡಿ.

ಸೈಕಲ್ ಅಂಗಡಿಗೆ ಬಂದ ಗಿರಾಕಿಗಳು ಆಗಾಗ ಈ ಹುಡುಗನನ್ನು ಸಿಗರೇಟು ತರಲು ಓಡಿಸುತ್ತಿದ್ದರು. ಇಪ್ಪತ್ತು ಪ್ಯಾಕ್ ಒಟ್ಟಿಗೆ ಕೊಂಡರೆ ಒಂದು ಪ್ಯಾಕ್ ಪುಕ್ಕಟೆ ಸಿಗುತ್ತಿತ್ತು. ಹುಡುಗ ಒಟ್ಟಿಗೆ ತಂದಿಟ್ಟು ಬಿಡಿಯಾಗಿ ಕೊಡತೊಡಗಿದ. ಓಡಾಟವೂ ತಪ್ಪಿತು, ನಾಲ್ಕು ಕಾಸೂ ಉಳಿಯಿತು. ಆದರೆ ಜೊತೆಯ ಆಳುಹುಡುಗರಿಗೆ ಹೊಟ್ಟೆಕಿಚ್ಚಾಗಿ ಯಜಮಾನರು ಅದನ್ನು ನಿಲ್ಲಿಸಿಬಿಟ್ಟರು. ಸಗಟಿನಲ್ಲಿ ಕೊಂಡರೆ ಉಳಿತಾಯ ಅನ್ನೋದು ನಮ್ಮ ಸಂಘದ ಮೂಲಮಂತ್ರ. ಬಂದ ಲಾಭವನ್ನು ಒಬ್ಬನೇ ಇಟ್ಟುಕೊಂಡರೆ ಅದು ನಿಲ್ಲೋದಿಲ್ಲ ಅನ್ನೋದು ಅದರ ಎರಡನೇ ಪಾಠ.

ಊರಲ್ಲಿ ಟ್ರಾಮು ಬಂತು, ಮನೆಮನೆಗೆ ಕರೆಂಟು ಬರತೊಡಗಿತು. ಇನ್ನು ಮುಂದೆ ಕರೆಂಟಿನ ಕಾಲ ಎಂದು ಅರಿತು, 1910ರಲ್ಲಿ ಒಸಾಕ ವಿದ್ಯುತ್ ಕಂಪೆನಿಯಲ್ಲಿ ವೈರಿಂಗ್ ಕೆಲಸಕ್ಕೆ ಸೇರಿದರು. ಇಪ್ಪತ್ತೆರಡನೇ ವಯಸ್ಸಿಗೆ ಇನ್ಸ್‌ಪೆಕ್ಟರ್ ಆದರು. ಆ ಹೊತ್ತಿಗೆ ಹೊಸ ತರಹದ ಒಂದು ಬಲ್ಬ್ ಹೋಲ್ಡರ್ ತಯಾರಿಸಿ ಮೇಲಿನವರಿಗೆ ತೋರಿಸಿದರೆ, ಅವರು ಇದು ನಡೆಯೋದಿಲ್ಲ ಎಂದು ತಳ್ಳಿಹಾಕಿದರು. 1917ರಲ್ಲಿ ನೌಕರಿ ಬಿಟ್ಟರು. ಕೈಯಲ್ಲಿ ಇದ್ದದ್ದು ಸುಮಾರು 100 ಯೆನ್. ಜೊತೆಗೆ ಹೆಂಡತಿ ಮುಮೆನೊ, ಇಬ್ಬರು ಸ್ನೇಹಿತರು, ಹೆಂಡತಿಯ ತಮ್ಮ ತೊಶಿಯೊ ಇಉಯೆ. ಹೋಲ್ಡರ್ ಮಾಡಿದರು, ಆದರೆ ಹೋದದ್ದು ನೂರರಷ್ಟು ಮಾತ್ರ. ಸ್ನೇಹಿತರಿಬ್ಬರೂ ಬಿಟ್ಟು ಹೋದರು. ಹೆಂಡತಿ ತನ್ನ ಬಟ್ಟೆಗಳನ್ನು ಒತ್ತೆ ಇಟ್ಟು ಮನೆ ನಡೆಸಿದರು. ಅಷ್ಟರಲ್ಲಿ ಫ್ಯಾನಿಗೆ ಬೇಕಾದ 1,000 ಇನ್ಸುಲೇಟರ್ ತಟ್ಟೆಗಳಿಗೆ ಆರ್ಡರ್ ಬಂದು ಜೀವ ಉಳಿಯಿತು. 1918ರ ಮಾರ್ಚ್ 7ರಂದು ತಮ್ಮ ಹೆಸರಿನಲ್ಲೇ ಕಾರ್ಖಾನೆ ಪ್ರಾರಂಭಿಸಿದರು. ಆ ಭಾವಮೈದುನ ಮುಂದೆ 1947ರಲ್ಲಿ ಸ್ವಂತವಾಗಿ ಸ್ಯಾನ್ಯೊ ಕಂಪೆನಿ ಕಟ್ಟಿದರು. ನಮ್ಮ ಮನೆಗಳಲ್ಲಿದ್ದ ಬಿಪಿಎಲ್-ಸ್ಯಾನ್ಯೊ ಟೇಪ್ ರೆಕಾರ್ಡರುಗಳಲ್ಲಿನ ಸ್ಯಾನ್ಯೊ ಅಂದರೆ ಅದೇ.

1923ರಲ್ಲಿ ಮತ್ಸುಶಿತ ಬ್ಯಾಟರಿಯ ಸೈಕಲ್ ದೀಪ ಮಾಡಿದರು. ಆಗಿನ ಬ್ಯಾಟರಿ ದೀಪ ಎರಡು ಮೂರು ಗಂಟೆ ಉರಿದರೆ ಹೆಚ್ಚು. ಇವರದು 30 ಗಂಟೆಗೂ ಮೇಲೆ ಉರಿಯುತ್ತಿತ್ತು. ಆದರೆ ಹಳೇ ದೀಪಗಳಿಂದ ಕೈ ಸುಟ್ಟುಕೊಂಡಿದ್ದ ಸಗಟು ವ್ಯಾಪಾರಿಗಳು ಯಾರೂ ಕೊಳ್ಳಲಿಲ್ಲ. ಆಗ ಇವರು ನೇರ ಚಿಲ್ಲರೆ ಅಂಗಡಿಗಳಿಗೇ ಹೋಗಿ ಎರಡು ಮೂರು ದೀಪ ಇಟ್ಟು, ಒಂದನ್ನು ಹಚ್ಚಿಟ್ಟು ಬಂದರು. ಹೇಳಿದಷ್ಟು ಹೊತ್ತು ಉರಿದರೆ ಮಾತ್ರ ದುಡ್ಡು ಕೊಡಿ, ಇಲ್ಲದಿದ್ದರೆ ಬೇಡ ಎಂಬ ಕರಾರು. ದೀಪ ಉರಿಯಿತು, ಅಂಗಡಿಯವರೇ ಆರ್ಡರ್ ಕಳಿಸಿದರು. ಮಾತಿಗಿಂತ ಮಾಲು ಸಾಕ್ಷಿ ಹೇಳಿತು. 1927ರಲ್ಲಿ ನ್ಯಾಷನಲ್ ಎಂಬ ಹೆಸರಿಟ್ಟು ಇನ್ನೊಂದು ದೀಪ ಹೊರತಂದಾಗ 10,000 ದೀಪ ಪುಕ್ಕಟೆ ಹಂಚಲು ಹೊರಟರು. ಬ್ಯಾಟರಿ ಮಾಡುವವರಿಗೆ, ವರ್ಷದೊಳಗೆ 2 ಲಕ್ಷ ಬ್ಯಾಟರಿ ಮಾರಿಸಿದರೆ 10,000 ಬ್ಯಾಟರಿ ಉಚಿತ ಕೊಡಬೇಕೆಂದು ಒಪ್ಪಿಸಿದರು. ಹೋದದ್ದು 2 ಲಕ್ಷವಲ್ಲ, 4 ಲಕ್ಷ 70 ಸಾವಿರ.

ನಿಜವಾದ ಪರೀಕ್ಷೆ ಬಂದದ್ದು 1929ರಲ್ಲಿ. ಪ್ರಪಂಚಕ್ಕೆಲ್ಲ ಆರ್ಥಿಕ ಮುಗ್ಗಟ್ಟು. ಮಾರಾಟ ಅರ್ಧಕ್ಕೆ ಇಳಿಯಿತು, ಗೋಡೌನಿನಲ್ಲಿ ಮಾಲು ಇಡಲು ಜಾಗ ಇಲ್ಲ. ಮತ್ಸುಶಿತ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ಅರ್ಧ ಜನರನ್ನು ತೆಗೆಯದೆ ಬೇರೆ ದಾರಿಯಿಲ್ಲ ಎಂದು ಮೇಲ್ವಿಚಾರಕರು ಬಂದು ಹೇಳಿದರು. ಅದಕ್ಕೆ ಮತ್ಸುಶಿತ ಒಪ್ಪಲಿಲ್ಲ. ಕಾರ್ಖಾನೆ ಅರ್ಧ ದಿನ ಮಾತ್ರ ನಡೆಯಲಿ, ಸಂಬಳ ಪೂರ್ತಿ ಕೊಡಿ, ಒಬ್ಬರನ್ನೂ ತೆಗೆಯಬೇಡಿ, ಆದರೆ ಎಲ್ಲರೂ ರಜಾ ಬಿಟ್ಟು ಉಳಿದ ಮಾಲನ್ನು ಮಾರಬೇಕು ಎಂದರು. ಎರಡು ತಿಂಗಳಲ್ಲಿ ಗೋಡೌನು ಖಾಲಿಯಾಯಿತು, ಮತ್ತೆ ಪೂರ್ತಿ ದಿನ ಕೆಲಸ ಶುರುವಾಯಿತು.

ಬೆಳ್ಳಿಹಬ್ಬದ ಈ ಸಮಯದಲ್ಲಿ ಮುಖ್ಯವಾಗಿ ಹೇಳಲೇಬೇಕಾದ್ದು 1932ರ ಮಾತು. ಆ ವರ್ಷ ಮೇ 5ರಂದು ನೌಕರರನ್ನೆಲ್ಲ ಸೇರಿಸಿ ಅವರು 250 ವರ್ಷದ ಯೋಜನೆ ಮುಂದಿಟ್ಟರು. ನಲ್ಲಿ ನೀರಿಗೂ ಬೆಲೆ ಇದೆ, ಆದರೆ ದಾರಿಹೋಕ ಕುಡಿದರೆ ಯಾರೂ ಕಳ್ಳ ಅನ್ನೋದಿಲ್ಲ, ಯಾಕೆಂದರೆ ಬೇಕಾದಷ್ಟಿದೆ. ಹಾಗೆಯೇ ಜನರಿಗೆ ಬೇಕಾದ ವಸ್ತುಗಳನ್ನು ನೀರಿನಷ್ಟು ಅಗ್ಗ ಮಾಡಿ ಬಡತನ ಹೋಗಲಾಡಿಸುವುದೇ ಉದ್ಯಮದ ಧರ್ಮ ಎಂಬುದು ಅವರ ವಿಚಾರ. ಆ 250 ವರ್ಷವನ್ನು 25 ವರ್ಷಗಳ ಹತ್ತು ಭಾಗ ಮಾಡಿದರು. ಪ್ರತಿ 25ರಲ್ಲಿ ಮೊದಲ ಹತ್ತು ಕಟ್ಟುವುದಕ್ಕೆ, ಮುಂದಿನ ಹತ್ತು ಕಟ್ಟಿದ್ದನ್ನು ನಡೆಸಿ ಬೆಳೆಸುವುದಕ್ಕೆ, ಕೊನೆಯ ಐದು ಸಮಾಜಕ್ಕೆ ಹಿಂದಿರುಗಿಸುವುದಕ್ಕೆ. ಅಂದರೆ ಅವರ ಲೆಕ್ಕದಲ್ಲಿ 25 ವರ್ಷ ಅಂದರೆ ಒಂದು ಬೆಳೆ ಅಷ್ಟೇ. ಕೊಯ್ಲು ಮಾಡಿ ಬೀಜ ಎತ್ತಿಟ್ಟು ಮುಂದಿನವರ ಕೈಗೆ ಕೊಡಬೇಕು.

ಮಾರನೇ ವರ್ಷ 1933ರಲ್ಲಿ ಕಂಪೆನಿಯನ್ನು ಮೂರು ವಿಭಾಗ ಮಾಡಿದರು. ರೇಡಿಯೋ ಒಂದು, ದೀಪ ಮತ್ತು ಬ್ಯಾಟರಿ ಒಂದು, ವೈರಿಂಗ್ ಸಾಮಾನು ಒಂದು. ಪ್ರತಿ ವಿಭಾಗದ ತಯಾರಿಕೆ, ಮಾರಾಟ, ಲಾಭ ನಷ್ಟದ ಲೆಕ್ಕ ಅದರದರ ಮುಖ್ಯಸ್ಥರದೇ. ಅವರ ಆರೋಗ್ಯ ಸದಾ ನಾಜೂಕು, ಎಲ್ಲವನ್ನೂ ತಾವೇ ನೋಡುವ ಹಾಗಿರಲಿಲ್ಲ. ನಂಬಿ ಕೆಲಸ ವಹಿಸಿದ್ದರಿಂದ ಕಂಪೆನಿಗೆ ಆಳುಗಳಲ್ಲ, ಯಜಮಾನರು ತಯಾರಾದರು.

ಇವರ ಬಾಳಲ್ಲಿ ಎಲ್ಲವೂ ಗೆಲುವೇ ಎಂದು ಬರೆದರೆ ತಪ್ಪಾಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಸೈನ್ಯದ ಆದೇಶಕ್ಕೆ ಮರದ ಹಡಗು, ಮರದ ವಿಮಾನಗಳ ಕೆಲಸ ವಹಿಸಿಕೊಂಡರು. 1945ರಲ್ಲಿ ಜಪಾನ್ ಸೋತಾಗ ಉಳಿದದ್ದು ಸಾಲ ಮಾತ್ರ. ಅಮೆರಿಕನ್ನರ ಆಡಳಿತ ಅವರನ್ನು ಅಧಿಕಾರದಿಂದ ಇಳಿಸಲು ಹೊರಟಿತು. ಆಗ ನೌಕರರ ಸಂಘದವರೇ ಸಾವಿರಾರು ಸಹಿ ಹಾಕಿಸಿ ಇವರೇ ನಮಗೆ ಬೇಕು ಎಂದು ಮನವಿ ಕೊಟ್ಟರು, 1947ರಲ್ಲಿ ಆ ನಿರ್ಬಂಧ ಹೋಯಿತು. ಸಾಮಾನ್ಯವಾಗಿ ಕಾರ್ಮಿಕ ಸಂಘ ಮಾಲೀಕರನ್ನು ಇಳಿಸಿ ಅಂತ ಕೇಳ್ತದೆ, ಇಲ್ಲಿ ಉಳಿಸಿ ಅಂತ ಕೇಳಿತು. 1929ರಲ್ಲಿ ಬಿತ್ತಿದ್ದು ಹೀಗೆ ಫಲ ಕೊಟ್ಟಿತು. ಆದರೂ ಕಷ್ಟ ತೀರಲಿಲ್ಲ. ತೆರಿಗೆ ಬಾಕಿಯಲ್ಲಿ ದೇಶಕ್ಕೇ ಮೊದಲಿಗರು ಎಂಬ ಕೆಟ್ಟ ಹೆಸರು ಬಂತು. 1950ರಲ್ಲಿ ಐನೂರಕ್ಕೂ ಹೆಚ್ಚು ಜನರನ್ನು ಕೆಲಸದಿಂದ ಕಳಿಸಬೇಕಾಯಿತು. ಒಳ್ಳೆಯ ಮನಸ್ಸಿದ್ದರೂ ಗಂಟು ಖಾಲಿಯಾದರೆ ಮಾತು ಉಳಿಸಿಕೊಳ್ಳಲು ಆಗೋದಿಲ್ಲ. ಅದಕ್ಕೇ ಮುಂದೆ ಅವರು, ಅಣೆಕಟ್ಟೆಯಲ್ಲಿ ನೀರು ನಿಲ್ಲಿಸುವಂತೆ ಹಣ, ಮಾಲು, ಜನ ಎಲ್ಲದರಲ್ಲೂ ಸ್ವಲ್ಪ ಉಳಿಸಿಟ್ಟುಕೊಂಡೇ ವ್ಯವಹಾರ ನಡೆಸಬೇಕೆಂದು ಬೋಧಿಸಿದರು.

1952ರಲ್ಲಿ ಹಾಲೆಂಡಿನ ಫಿಲಿಪ್ಸ್ ಕಂಪೆನಿ ಜೊತೆ ಒಪ್ಪಂದವಾಯಿತು. ಫಿಲಿಪ್ಸ್‌ನವರು ತಂತ್ರಜ್ಞಾನಕ್ಕೆ ಮಾರಾಟದ ಶೇಕಡಾ 7 ಕೇಳಿದರು. ಮತ್ಸುಶಿತ ಚೌಕಾಸಿ ಮಾಡಿ 4.5ಕ್ಕೆ ಇಳಿಸಿದರು. ಅಷ್ಟೇ ಅಲ್ಲ, ನಿಮ್ಮ ತಂತ್ರಜ್ಞಾನಕ್ಕೆ ಬೆಲೆ ಇರುವಂತೆ ನಮ್ಮ ಆಡಳಿತಕ್ಕೂ ಬೆಲೆ ಇದೆ ಎಂದು ವಾದಿಸಿ ಶೇಕಡಾ 3 ತಮ್ಮ ಕಡೆಗೆ ಪಡೆದರು. ಸೋತ ದೇಶದವರು, ಆದರೂ ತಲೆತಗ್ಗಿಸಲಿಲ್ಲ.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹೆಚ್ಚು ನಾಟಿದ್ದು 1964ರ ಜುಲೈ ತಿಂಗಳ ಅತಾಮಿ ಸಭೆ. ಆಗ ಅವರು ಅಧ್ಯಕ್ಷ ಪದವಿಯಲ್ಲಿದ್ದು ದಿನದ ಆಡಳಿತ ಬಿಟ್ಟುಕೊಟ್ಟಿದ್ದರು. ಅವರ ಸಾಮಾನು ಮಾರುವ ಸುಮಾರು 170 ಸಂಸ್ಥೆಗಳಲ್ಲಿ ಲಾಭದಲ್ಲಿದ್ದದ್ದು ಇಪ್ಪತ್ತರಷ್ಟು ಮಾತ್ರ. ಎಲ್ಲರನ್ನೂ ಕರೆಸಿ ಕೂರಿಸಿದರು. ಕಂಪೆನಿಯೇ ಮಾಲು ತಳ್ಳಿ ನಮ್ಮನ್ನು ಮುಳುಗಿಸಿತು ಎಂದು ಮಾರಾಟಗಾರರು, ನಿಮ್ಮ ವ್ಯಾಪಾರ ಸರಿಯಿಲ್ಲ ಎಂದು ಇವರು. ವಾದ ಮೂರು ದಿನ ನಡೆಯಿತು. ಕೊನೆಗೆ ಮತ್ಸುಶಿತ, ತಾವು ಸಣ್ಣವರಿದ್ದಾಗ ಇದೇ ಜನ ತಮ್ಮ ಮಾಲನ್ನು ನಂಬಿ ಮಾರಿಕೊಟ್ಟಿದ್ದನ್ನು ನೆನೆದು, ತಪ್ಪು ನಮ್ಮದೇ ಎಂದು ಕಣ್ಣೀರು ಹಾಕಿ ಕ್ಷಮೆ ಕೇಳಿದರು. ಸಭೆಯಲ್ಲಿ ಅನೇಕರು ಅತ್ತರು. ಕ್ಷಮೆ ಕೇಳಿ ಮನೆಗೆ ಹೋಗಲಿಲ್ಲ. ಮುಂದಿನ ತಿಂಗಳೇ, 69ನೇ ವಯಸ್ಸಿನಲ್ಲಿ, ಮಾರಾಟ ವಿಭಾಗದ ಕುರ್ಚಿಯಲ್ಲಿ ತಾವೇ ಬಂದು ಕೂತು ಪದ್ಧತಿಯನ್ನೇ ಬದಲಾಯಿಸಿದರು.

1973ರಲ್ಲಿ ಅವರು ನಿವೃತ್ತರಾದರು. 1979ರಲ್ಲಿ ದೇಶದ ಮುಂದಾಳುಗಳನ್ನು ತಯಾರು ಮಾಡಲು ಒಂದು ಶಾಲೆ ಸ್ಥಾಪಿಸಿದರು. 1989ರ ಏಪ್ರಿಲ್ 27ರಂದು 94ನೇ ವಯಸ್ಸಿನಲ್ಲಿ ತೀರಿಕೊಂಡರು. 2008ರಲ್ಲಿ ಕಂಪೆನಿ ಅವರ ಹೆಸರನ್ನು ಬಿಟ್ಟು ಪ್ಯಾನಾಸೋನಿಕ್ ಎಂದಾಯಿತು. ಭಾವಮೈದುನನ ಸ್ಯಾನ್ಯೊ ಕೂಡ 2009ರಲ್ಲಿ ಮತ್ತೆ ಅದರೊಳಗೇ ಬಂದು ಸೇರಿತು.

ಸದಸ್ಯ ಬಾಂಧವರೇ, ನಮ್ಮ ಸಂಘಕ್ಕೆ ಈಗ 25 ತುಂಬಿದೆ. ಮಳೆ ಕೈಕೊಟ್ಟ ವರ್ಷ ಸಾಲ ವಸೂಲಾಗೋದಿಲ್ಲ. ಆಗ ಸದಸ್ಯರು ಸರಿಯಿಲ್ಲ ಅಂತ ಆಡಳಿತ ಮಂಡಳಿ, ಆಡಳಿತ ಮಂಡಳಿ ಸರಿಯಿಲ್ಲ ಅಂತ ಸದಸ್ಯರು ಹೇಳೋದು ಎಲ್ಲಾ ಊರಲ್ಲೂ ಇದ್ದದ್ದೇ. ಅಂಥ ಹೊತ್ತಿನಲ್ಲಿ ಅತಾಮಿಯ ಸಭೆ ನೆನಪಿಗೆ ಬರಲಿ. ವಾರ್ಷಿಕ ಮಹಾಸಭೆಯಲ್ಲಿ ಬೈದಾಡಿದರೂ ಪರವಾಗಿಲ್ಲ, ಮೂರು ದಿನವಾದರೂ ಕೂತು ಮಾತು ಮುಗಿಸಿಯೇ ಏಳೋಣ. ಲಾಭ ಬಂದ ವರ್ಷ ಪೂರ್ತಿ ಡಿವಿಡೆಂಡ್ ಹಂಚಿ ಎನ್ನದೆ ಕ್ಷೇಮನಿಧಿಗೂ ಕಟ್ಟೆ ಕಟ್ಟೋಣ. ಸಂಘವೆಲ್ಲ ಕಾರ್ಯದರ್ಶಿ ಒಬ್ಬರ ತಲೆ ಮೇಲೆ ಅನ್ನದೆ, ಹುಡುಗರಿಗೂ ಲೆಕ್ಕ ಕಲಿಸಿ ಜವಾಬ್ದಾರಿ ಕೊಡೋಣ. ಮೊದಲ ಬೆಳೆ ಕೊಯ್ಲಾಗಿದೆ. ಬೀಜ ಗಟ್ಟಿ ಇದೆಯೋ ಇಲ್ಲವೋ ನೋಡಿ ಎತ್ತಿಡುವುದು ನಮ್ಮ ನಿಮ್ಮೆಲ್ಲರ ಕೆಲಸ.