ಮಾನ್ಯಖೇಟದ ಗಣಿತಾಚಾರ್ಯ ಮಹಾವೀರರು

ವಾಡಿಯಿಂದ ಚಿತ್ತಾಪುರದ ಮೇಲೆ ಸೇಡಮಿಗೆ ಹೋಗುವ ರೈಲುದಾರಿಯಲ್ಲಿ ಮಳಖೇಡವೆಂಬ ನಿಲ್ದಾಣವುಂಟು. ಊರು ಕಾಗಿಣಾ ನದಿಯ ದಂಡೆಯಲ್ಲಿದೆ. ಇದುವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವು. 814ರಿಂದ 878ರ ವರೆಗೆ ಆಳಿದ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ, ಸುಮಾರು 850ರಲ್ಲಿ, ಜೈನ ಪಂಡಿತರಾದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದರು. ಅಲ್ಲಿಯ ತನಕ ಗಣಿತವು ಬಹುಮಟ್ಟಿಗೆ ಜ್ಯೋತಿಷ ಗ್ರಂಥಗಳ ಒಂದೆರಡು ಅಧ್ಯಾಯಗಳಾಗಿ ಬರುತ್ತಿತ್ತು. ಇವರು ಅದಕ್ಕೆ ಸ್ವತಂತ್ರವಾದ ಮನೆಯನ್ನೇ ಕಟ್ಟಿಕೊಟ್ಟರು.

ಗಣಿತದ ಉಪಯೋಗವನ್ನು ಹೊಗಳುವಾಗ ಆಚಾರ್ಯರು ಸಂಗೀತ, ವೈದ್ಯ, ವ್ಯಾಕರಣಗಳೊಡನೆ ಅಡಿಗೆಯನ್ನೂ ಎಣಿಸಿರುವರು. ಲೆಕ್ಕವು ಹುಡುಗಿಯರಿಗೇಕೆ ಎನ್ನುವ ತಾಯಂದಿರು ಇದನ್ನು ಗಮನಿಸಬೇಕು. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂಬ ಆರು ರುಚಿಗಳನ್ನು ಎಷ್ಟು ಬಗೆಯಾಗಿ ಕೂಡಿಸಬಹುದೆಂದು ಅವರು ಕೇಳುತ್ತಾರೆ. ಮೂರು ಮೂರಾಗಿ ಕೂಡಿಸಿದರೆ 20 ಬಗೆ. ಒಂದರಿಂದ ಆರರ ವರೆಗೆ ಎಲ್ಲವನ್ನೂ ಸೇರಿಸಿದರೆ 63. ಇದಕ್ಕೆ ಅವರಿತ್ತ ಸಾಮಾನ್ಯ ಸೂತ್ರವನ್ನೇ ನಮ್ಮ ಮಕ್ಕಳು ಇಂದಿಗೂ ಕಲಿಯುವರು.

ಇನ್ನು ಸಂಖ್ಯೆಗಳ ಹಾರಗಳು. 27994681ನ್ನು 441ರಿಂದ ಗುಣಿಸಿದರೆ 12345654321 ಬರುವದು. ಈ ಹಾರವನ್ನು ಯಾವ ತುದಿಯಿಂದ ಓದಿದರೂ ಒಂದೇ. 1972ರಲ್ಲಿ ಅಮೆರಿಕದ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯು ಅಂಗೈಯಲ್ಲಿ ಹಿಡಿಯತಕ್ಕ ಮೊದಲ ವೈಜ್ಞಾನಿಕ ಕ್ಯಾಲ್ಕ್ಯುಲೇಟರನ್ನು ಮಾರಾಟಕ್ಕೆ ತಂದಿತು. ಗುಂಡಿಗಳು 35 ಇದ್ದುದರಿಂದ ಅದಕ್ಕೆ ಎಚ್‌ಪಿ-35 ಎಂದು ಹೆಸರು. ಲಾಗರಿತಮ್, ಸೈನ್, ಕೊಸೈನ್‌ಗಳನ್ನು ಕ್ಷಣಮಾತ್ರದಲ್ಲಿ ಕೊಡುತ್ತಿದ್ದ ಆ ಯಂತ್ರವು ತೋರಿಸುತ್ತಿದ್ದುದು ಹತ್ತೇ ಅಂಕಿಗಳನ್ನು. ಆಚಾರ್ಯರ ಹಾರಕ್ಕೆ ಹನ್ನೊಂದು ಮಣಿಗಳು! ಕಡೆಯ ಮಣಿಯು ಯಂತ್ರದಲ್ಲಿ ಉದುರಿಹೋಗುವದು. ಕೈಯಿಂದ ಗುಣಿಸಬಲ್ಲ ಹುಡುಗಿಗೆ ಮಾತ್ರ ಹಾರವು ಪೂರ್ತಿಯಾಗಿ ಸಿಕ್ಕುವದು.

ಋಣಸಂಖ್ಯೆಯ ವರ್ಗಮೂಲವನ್ನು ಕೇಳಿದರೆ ಆ ಯಂತ್ರವು ಉತ್ತರಕ್ಕೆ ಬದಲಾಗಿ ಮಿನುಗಿ ತಪ್ಪನ್ನು ಸೂಚಿಸುತ್ತಿತ್ತು. ಋಣಸಂಖ್ಯೆಯು ಸ್ವಭಾವತಃ ವರ್ಗವಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಆಚಾರ್ಯರು ಸಾವಿರದ ನೂರು ವರುಷಗಳ ಹಿಂದೆಯೇ ಕಾರಣಸಹಿತ ಹೇಳಿದ್ದರು. ಆದರೆ ಸೊನ್ನೆಯಿಂದ ಭಾಗಿಸಿದ ಸಂಖ್ಯೆಯು ಬದಲಾಗದೆ ಉಳಿಯುವದೆಂದು ಅವರು ಬರೆದುದು ತಪ್ಪು. ನಮ್ಮ ನೆಲದವರೆಂಬ ಅಭಿಮಾನದಿಂದ ಇದನ್ನು ಮುಚ್ಚಿಡಲಾಗದು. ಯಂತ್ರವು ಅಲ್ಲಿಯೂ ಸರಿಯಾಗಿಯೇ ಮಿನುಗುತ್ತಿತ್ತು.

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಮೂಲವನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚುಮಾಡಿಸಿದರು.